ಹೆಬ್ಬೆಟ್ಟು ಒಪ್ಪದಿದ್ದರೆ ಯಾರನ್ನು ಕೇಳುವುದು?

ಅಡಿಕೆ ಸುಲಿಯುವ ಕಾಲದಲ್ಲಿ ಮಲೆನಾಡಿನ ಕಿಗ್ಗದ ಕಡೆಯ ಹೆಂಗಸರ ಕೈ ನೋಡಬೇಕು. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಹಸಿ ಅಡಿಕೆ ಸುಲಿದರೆ ಚೊಗರು ಬೆರಳ ಗೆರೆಗಳೊಳಗೆ ಇಳಿದು ಕಪ್ಪಗೆ ಕೂರುತ್ತದೆ. ಸೋಪಿಗೆ ಹೋಗುವುದಿಲ್ಲ, ಹುಳಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಹಳೆ ಚರ್ಮ ಎದ್ದು ಹೊಸತು ಬರುವವರೆಗೂ ಅದು ಹಾಗೇ. ಹೆಬ್ಬೆರಳ ತುದಿಯಲ್ಲಂತೂ ಕತ್ತಿ ತಾಗಿ ತಾಗಿ ಗೀರುಗಳೆದ್ದು, ಹುಟ್ಟಿನಿಂದ ಬಂದ ಗೆರೆ ಯಾವುದು, ಕತ್ತಿ ಎಳೆದ ಗೆರೆ ಯಾವುದು ಎಂದು ಹೇಳುವುದು ಕಷ್ಟ.

ಅಂಥದೊಂದು ಕೈ ಹಿಡಿದುಕೊಂಡು ನಾನು ಒಂದು ಕೌಂಟರಿನ ಮುಂದೆ ನಿಂತಿದ್ದೆ. ನೆರೆಮನೆಯ ಅಜ್ಜಿ; ಪಡಿತರ ಚೀಟಿಗೆ ಇ-ಕೆವೈಸಿ ಆಗಬೇಕಿತ್ತು. ಹೊರಗೆ ಮಳೆ. ಮೊದಲು ಸರ್ವರ್ ಬರಲಿಲ್ಲ. ಬಂದಾಗ ಗಾಜಿನ ಕೆಳಗೆ ಕೆಂಪು ದೀಪ ಹತ್ತಿತು. ಬಲ ಹೆಬ್ಬೆರಳು, ಎಡ ಹೆಬ್ಬೆರಳು, ತೋರುಬೆರಳು, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬಲ ಹೆಬ್ಬೆರಳು. ಪ್ರತಿ ಸಲವೂ ಪರದೆಯ ಮೇಲೆ ಹೊಂದಾಣಿಕೆಯಿಲ್ಲ ಎಂಬ ಒಂದೇ ಉತ್ತರ. ಅಜ್ಜಿ ಕೊನೆಗೆ ಕೌಂಟರಿನ ಹುಡುಗನ ಮುಖ ನೋಡಿ, “ನಾನು ಯಾರಂತ ನಿಂಗೆ ಗೊತ್ತಿಲ್ವಾ ಮಾರಾಯ?” ಎಂದರು.

“ನಂಗೆ ಗೊತ್ತುಂಟು ಅಜ್ಜಿ. ಮಿಷನ್ನಿಗೆ ಗೊತ್ತಾಗ್ಬೇಕಲ್ಲ.”

ಹುಡುಗ ಕೊಂಕಾಗಿ ಹೇಳಿದ್ದಲ್ಲ. ಅವನ ಸ್ಥಿತಿ ಇದ್ದದ್ದೇ ಹಾಗೆ. ಆದರೆ ಆ ಮಾತು ಅಂದಿನಿಂದ ನನ್ನ ತಲೆಯೊಳಗೆ ಕೂತಿದೆ. ಊರಿಗೆ ಊರೇ ಗುರುತಿಸುವ ಮನುಷ್ಯರನ್ನು ಒಂದು ಪೆಟ್ಟಿಗೆ ಗುರುತಿಸದಿದ್ದರೆ ಕಾನೂನು ಯಾರ ಮಾತು ಕೇಳಬೇಕು? ಪೆಟ್ಟಿಗೆ ತಪ್ಪು ಹೇಳಿದರೆ ಹೊಣೆ ಯಾರದು? ದೆಹಲಿಯ ಸಂಸತ್ತು, ಬೆಂಗಳೂರಿನ ಹೈಕೋರ್ಟು, ಯುರೋಪಿನ ಒಕ್ಕೂಟ, ವಿಶ್ವಸಂಸ್ಥೆ ಕಳೆದ ಮೂವತ್ತು ವರ್ಷಗಳಿಂದ ಡಿಜಿಟಲ್ ತಂತ್ರಜ್ಞಾನಕ್ಕಾಗಿ ಬರೆದ ಕಾಯ್ದೆ, ತೀರ್ಪುಗಳನ್ನೆಲ್ಲ ಓದುತ್ತ ಹೋದರೆ ಅವು ಸುತ್ತುತ್ತಿರುವುದು ಬಹುಪಾಲು ಈ ಎರಡು ಪ್ರಶ್ನೆಗಳ ಸುತ್ತಲೇ.

ಈ ಪ್ರಶ್ನೆಗಳು ನಮ್ಮ ಸೀಮೆಗೆ ಹೊಸವೇನಲ್ಲ. ಕಿಗ್ಗದ ಋಷ್ಯಶೃಂಗೇಶ್ವರನಲ್ಲಿಗೆ ಮಳೆ ಬೇಡಲು ಹೋಗುವವರು ಬಹಳ. ಅಲ್ಲಿ ಆಳುಪ ಅರಸರ ಕಾಲದ, ಸುಮಾರು ಏಳನೆಯ ಶತಮಾನದ ಕನ್ನಡ ಶಾಸನಗಳಿವೆ ಎಂದು ಗಮನಿಸುವವರು ಕಡಿಮೆ. ದಾನವನ್ನು ಕಲ್ಲಿನಲ್ಲಿ ಕೊರೆದರೆ ಅಳಿಸುವುದು ಕಷ್ಟ. ಆದರೂ ನಮ್ಮ ಶಾಸನ ಬರೆಸಿದವರು ಕಲ್ಲನ್ನಷ್ಟೇ ನಂಬಿ ಕೂರಲಿಲ್ಲ. ಸಾಕ್ಷಿಗಳ ಹೆಸರು ಹಾಕಿಸಿದರು, ಕೊನೆಯಲ್ಲಿ ದಾನ ಕೆಡಿಸಿದವನಿಗೆ ಶಾಪ ಬರೆಸಿದರು.

ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ಇಳಿದರೆ ಶೃಂಗೇರಿ. ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು 1346ರಲ್ಲಿ ಅಲ್ಲಿಗೆ ಬಂದು ಭೂಮಿ ಬಿಟ್ಟದ್ದಕ್ಕೆ ಶಾಸನವಿದೆ. ಆಮೇಲಿನ ಶತಮಾನಗಳ ಮಠದ ಲೆಕ್ಕಪತ್ರಗಳು ಕಡತಗಳಲ್ಲಿವೆ. ಕಡತ ಎಂದರೆ ಇಂದು ನಮಗೆ ಆಫೀಸಿನ ಫೈಲು. ಮೂಲದಲ್ಲಿ ಅದು ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿದ, ಮಡಚಿಡುವ ಬಟ್ಟೆ. ಬಳಪದಲ್ಲಿ ಬರೆಯುತ್ತಿದ್ದರು. ಇತಿಹಾಸಕಾರ ಎ. ಕೆ. ಶಾಸ್ತ್ರಿ ಶೃಂಗೇರಿ ಮಠದ ಕಡತಗಳಿಂದ ಆಯ್ದು ಸಂಪಾದಿಸಿ ಪ್ರಕಟಿಸಿದ್ದಾರೆ. ಗೇಣಿ, ತೆರಿಗೆ, ಜಗಳ, ತೀರ್ಮಾನ ಎಲ್ಲ ಅದರಲ್ಲಿ ಬರುತ್ತವೆ. ನನಗೆ ಕುತೂಹಲ ಹುಟ್ಟಿಸುವುದು ಬೇರೆ ವಿಷಯ. ಬಳಪದ ಬರಹವನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಗುರುತೂ ಉಳಿಯದಂತೆ ತಿದ್ದಬಹುದಾದ ದಾಖಲೆ ಅದು, ಕಂಪ್ಯೂಟರಿನ ಫೈಲಿನ ಹಾಗೆಯೇ. ಆದರೂ ತಲೆಮಾರುಗಳು ಅದನ್ನು ನಂಬಿ ಬಾಳಿದವು. ಬರೆದವನು ಯಾರು, ಅವನು ಯಾರಿಗೆ ಉತ್ತರ ಕೊಡಬೇಕು ಎಂಬುದು ಊರಿಗೆ ಗೊತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಬರೆಯುವವನ ಕೈಯಲ್ಲೇ ಎಲ್ಲ ಇದ್ದರೆ ಏನಾಗುತ್ತದೆ ಎಂದು ಶಾನುಭೋಗರ ಮನೆ ಜಗಲಿಯಲ್ಲಿ ಕೈಕಟ್ಟಿ ನಿಂತವರ ಮಕ್ಕಳು ಮೊಮ್ಮಕ್ಕಳನ್ನು ಕೇಳಬೇಕು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಪಹಣಿ ಪುಸ್ತಕ ಮಾತ್ರ ಹೊಸ ಮನುಷ್ಯನ ಚೀಲದಲ್ಲಿ ಉಳಿಯಿತು. ಒಂದು ಪ್ರತಿ ಬೇಕೆಂದರೆ ಅವರು ಸಿಗುವವರೆಗೆ ಅಲೆಯಬೇಕು, ಸಿಕ್ಕ ಮೇಲೆ ಅವರ ಮರ್ಜಿ ಕಾಯಬೇಕು.

ಭೂಮಿ ಯೋಜನೆ ಬಂದದ್ದು ಇದಕ್ಕೆ ಉತ್ತರವಾಗಿ. 1999ರ ಹೊತ್ತಿಗೆ ಮದ್ದೂರಿನಲ್ಲಿ ಪ್ರಯೋಗ ನಡೆಸಿ, ಮುಂದಿನ ಎರಡು ಮೂರು ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. 67 ಲಕ್ಷ ರೈತರ ದಾಖಲೆ. ಆಗ 15 ರೂಪಾಯಿ ಕೊಟ್ಟರೆ ಅಲ್ಲೇ ಪ್ರತಿ ಸಿಗುತ್ತಿತ್ತು. ಇದನ್ನು ಮುನ್ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರು ಇ-ಆಡಳಿತದ ಪಾಠಗಳಲ್ಲಿ ಈಗಲೂ ಬರುತ್ತದೆ. ತಂತ್ರಜ್ಞಾನದಷ್ಟೇ ಮುಖ್ಯವಾದ ಹೆಜ್ಜೆ ಕಾನೂನಿನದು: ಕೈಬರಹದ ಪಹಣಿಗೆ ಇನ್ನು ಮಾನ್ಯತೆ ಇಲ್ಲ ಎಂದು ಸರ್ಕಾರ ಘೋಷಿಸಿತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯಲ್ಲಿರುವುದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು. ಚೀಲದಲ್ಲಿದ್ದ ಪುಸ್ತಕದ ಬಗ್ಗೆ ಬರೆದಿದ್ದ ಆ ವಾಕ್ಯ ಒಂದು ದಿನದಲ್ಲಿ ಕಂಪ್ಯೂಟರಿನ ಪರದೆಗೆ ವರ್ಗವಾಯಿತು.

ಭೂಮಿ ಯೋಜನೆಯಲ್ಲಿ ನಾನು ಮೆಚ್ಚುವ ಅಂಶ ಒಂದಿದೆ. ಯಾವ ಸಿಬ್ಬಂದಿ ಯಾವ ಬದಲಾವಣೆ ಮಾಡಿದರು ಎಂದು ಗುರುತು ಉಳಿಯಲು ಅವರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಬೇರೆಯವರಿಗೆ ಹೇಳಬಹುದು, ಬೆರಳನ್ನು ಎರವಲು ಕೊಡಲಾಗದು ಎಂಬ ಲೆಕ್ಕ. ಅಂದರೆ ಮೊದಲು ಬೆರಳಿಟ್ಟವರು ಅಧಿಕಾರ ಇದ್ದವರು, ತಾವು ಮಾಡಿದ್ದಕ್ಕೆ ತಾವೇ ಜವಾಬ್ದಾರರು ಎಂದು ಒಪ್ಪಿಕೊಳ್ಳಲು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಬೆರಳು ಕೌಂಟರಿನ ಒಳಗಿನಿಂದ ಹೊರಗೆ ಬಂತು. ಈಗ ಪ್ರತಿ ಹೆಜ್ಜೆಗೂ ಬೆರಳಿಡಬೇಕಾದವರು ನಾವು. ಕಾಯ್ದೆಗಳ ಯಾವ ಪುಟದಲ್ಲೂ ದೊಡ್ಡಕ್ಷರದಲ್ಲಿ ಬರೆದಿಲ್ಲದ ಈ ಪಲ್ಲಟವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೊರಗಿನ ಜಗತ್ತಿನಲ್ಲಿ ಏನಾಗುತ್ತಿತ್ತು ನೋಡೋಣ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 1996ರಲ್ಲಿ ಇಲೆಕ್ಟ್ರಾನಿಕ್ ವಾಣಿಜ್ಯಕ್ಕೆ ಒಂದು ಮಾದರಿ ಕಾನೂನು ಬರೆಯಿತು. ಒಂದು ದಾಖಲೆ ಇಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದು ಎಂಬುದು ಅದರ ಜೀವಾಳ. ದೇಶಗಳಿಗೆ ಇದು ಕಡ್ಡಾಯವಲ್ಲ. ಬಟ್ಟೆ ಹೊಲಿಯುವವರಿಗೆ ಕೊಡುವ ಅಳತೆ ಅಂಗಿಯಂತೆ, ನಮ್ಮ ಮೈಗೆ ತಕ್ಕಂತೆ ನಾವೇ ಹೊಲಿದುಕೊಳ್ಳಬೇಕು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ತನ್ನ ಪೀಠಿಕೆಯಲ್ಲೇ ಆ ಮಾದರಿಯನ್ನು ಹೆಸರಿಸಿ, ಅದೇ ವರ್ಷ ಅಕ್ಟೋಬರ್ 17ರಿಂದ ಜಾರಿಗೆ ಬಂತು. ಕೆಲವನ್ನು ಬೇಕೆಂದೇ ಹೊರಗಿಟ್ಟಿತು. ಉಯಿಲು ಅದರಲ್ಲಿ ಒಂದು. ಹಾಗಾಗಿ ತೋಟ ಯಾರಿಗೆ ಎಂದು ಅಪ್ಪ ಮೊಬೈಲಿನಲ್ಲಿ ಬರೆದಿಟ್ಟರೆ ಇಂದಿಗೂ ಅದು ಉಯಿಲಲ್ಲ. ಕಾಗದ ಬೇಕು, ಸಹಿ ಬೇಕು, ಇಬ್ಬರು ಸಾಕ್ಷಿ ಬೇಕು. ಮಾತಾಡುವವನು ತೀರಿಕೊಂಡ ಮೇಲೆ ಓದುವ ದಾಖಲೆಯನ್ನು ಯಂತ್ರಕ್ಕೆ ಒಪ್ಪಿಸಲು ಕಾನೂನು ಹಿಂಜರಿದದ್ದು ನನಗೆ ಸರಿಯೆಂದೇ ಕಾಣುತ್ತದೆ.

ಆ ಕಾಯ್ದೆ ಸಾಕ್ಷ್ಯ ಕಾಯ್ದೆಗೂ 65ಬಿ ಎಂಬ ಹೊಸ ಕಲಮು ಸೇರಿಸಿತು. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ಕೋರ್ಟಿಗೆ ಕೊಡುವುದಾದರೆ, ಆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಅದರ ಹೊಣೆ ಹೊತ್ತವರು ಪ್ರಮಾಣಪತ್ರ ಕೊಡಬೇಕು. ಇದರ ಭಾಷೆ ಬಂದದ್ದು ಇಂಗ್ಲೆಂಡಿನ 1968ರ ಒಂದು ಕಾಯ್ದೆಯಿಂದ. ಇಂಗ್ಲೆಂಡ್ 1995ರಲ್ಲಿಯೇ ಅದನ್ನು ತೆಗೆದುಹಾಕಿತ್ತು. ಅವರು ಕೈಬಿಟ್ಟದ್ದನ್ನು ನಾವು ಐದು ವರ್ಷ ತಡವಾಗಿ ತೊಟ್ಟುಕೊಂಡೆವು ಎಂದು ಬಹಳ ಜನ ಟೀಕಿಸಿದರು. ಪ್ರಮಾಣಪತ್ರ ಬೇಕೇ ಬೇಕೇ, ಇಲ್ಲದಿದ್ದರೂ ನಡೆಯುತ್ತದೆಯೇ ಎಂದು ಸುಪ್ರೀಂ ಕೋರ್ಟು ಕೂಡ ಒಂದಕ್ಕಿಂತ ಹೆಚ್ಚು ಸಲ ನಿಲುವು ಬದಲಿಸಿತು. 2014ರ ಅನ್ವರ್ ಪ್ರಕರಣದಲ್ಲಿ ಬೇಕೆಂದಿತು, 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಅದನ್ನೇ ಗಟ್ಟಿಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ಯಂತ್ರದ ಉಸ್ತುವಾರಿ ಇದ್ದವರು, ಇನ್ನೊಂದನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಷ್ ಮೌಲ್ಯವನ್ನೂ ಬರೆಯಬೇಕು. ಹ್ಯಾಷ್ ಎಂದರೆ ಫೈಲಿನ ಒಳಗಿರುವ ಎಲ್ಲವನ್ನೂ ಲೆಕ್ಕಕ್ಕೆ ಹಾಕಿ ತೆಗೆಯುವ ಒಂದು ಉದ್ದ ಸಂಖ್ಯೆ. ಒಂದು ಅಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ.

ತಾಲ್ಲೂಕು ಕೋರ್ಟುಗಳ ವಕೀಲರಿಗೆ ಇದೊಂದು ತಲೆನೋವು. ಬೇಲಿ ಜಗಳದ ಒಂದು ವಿಡಿಯೋ ಹಾಜರುಪಡಿಸಲು ತಜ್ಞರನ್ನು ಎಲ್ಲಿಂದ ತರುವುದು ಎನ್ನುತ್ತಾರೆ. ಅವರ ಕಷ್ಟ ನಿಜ. ಆದರೂ ಈ ಪ್ರಮಾಣಪತ್ರ ಬೇಡವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದನ್ನು ಬಿಟ್ಟುಕೊಟ್ಟ ಇಂಗ್ಲೆಂಡಿನಲ್ಲಿ ಏನಾಯಿತು ಎಂದು ಓದಿದ್ದೇನೆ.

ಅಲ್ಲಿ ಊರೂರಿನ ಅಂಚೆ ಕಚೇರಿಗಳನ್ನು ನಮ್ಮ ಹಳ್ಳಿಯ ಶಾಖಾ ಅಂಚೆಕಚೇರಿಯಂತೆಯೇ ಊರಿನವರೇ ಒಬ್ಬರು, ಬಹಳ ಸಲ ಸಣ್ಣ ಅಂಗಡಿಯ ಜೊತೆ, ನಡೆಸುತ್ತಾರೆ. ಪಿಂಚಣಿ ಕೊಡುವುದು, ಸ್ಟಾಂಪು ಮಾರುವುದು, ನಾಲ್ಕು ಮಾತಾಡುವುದು. 1999ರಲ್ಲಿ ಅವರ ಮೇಜಿಗೆ ಹೊರೈಜನ್ ಎಂಬ ತಂತ್ರಾಂಶ ಬಂತು. ಫುಜಿತ್ಸು ಕಂಪನಿಯದು. ಸಂಜೆ ಲೆಕ್ಕ ಹಾಕಿದರೆ ಹಣ ಕಡಿಮೆ ಎಂದು ತೋರಿಸತೊಡಗಿತು. ತಪ್ಪಿದ್ದದ್ದು ತಂತ್ರಾಂಶದಲ್ಲಿ. ಆದರೆ ಅದೇ ಸುಮಾರಿಗೆ ಅಲ್ಲಿಯ ಕ್ರಿಮಿನಲ್ ಕಾನೂನಿನಲ್ಲೂ ಕಂಪ್ಯೂಟರ್ ಸರಿಯಾಗಿತ್ತೆಂದು ಸಾಬೀತುಪಡಿಸುವ ಹೊಣೆಯನ್ನು ತೆಗೆದುಹಾಕಿದ್ದರು. ಯಂತ್ರ ಸರಿಯಾಗಿದೆ ಎಂದೇ ಕೋರ್ಟು ಭಾವಿಸುತ್ತದೆ. ಇಲ್ಲವೆಂದು ತೋರಿಸುವುದು ಆರೋಪಿಯ ತಲೆಗೆ. ಊರಿನ ಪೋಸ್ಟ್ ಮಾಸ್ಟರು ಅದನ್ನು ಹೇಗೆ ತೋರಿಸಬೇಕು? 2015ರ ಹೊತ್ತಿಗೆ 900ಕ್ಕೂ ಹೆಚ್ಚು ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕದ ಅಪರಾಧದಲ್ಲಿ ಶಿಕ್ಷೆಯಾಗಿತ್ತು. ಮನೆ ಮಾರಿ ಇಲ್ಲದ ಸಾಲ ತೀರಿಸಿದರು. ಗರ್ಭಿಣಿಯೊಬ್ಬರು 2010ರಲ್ಲಿ ಜೈಲಿಗೆ ಹೋದರು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಅಲನ್ ಬೇಟ್ಸ್ ಎಂಬ ಒಬ್ಬ ಪೋಸ್ಟ್ ಮಾಸ್ಟರು ಜೊತೆಗಾರರನ್ನು ಕೂಡಿಸಿ ಮೊಕದ್ದಮೆ ಹೂಡಿ, 2019ರ ಡಿಸೆಂಬರಿನಲ್ಲಿ ತಂತ್ರಾಂಶ ನಂಬಲರ್ಹವಲ್ಲವೆಂದು ತೀರ್ಪು ಪಡೆದರು. ಕೊನೆಗೆ 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ವಿಶೇಷ ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಬೇಕಾಯಿತು. ಇಷ್ಟು ಹಳೆಯ ನ್ಯಾಯಾಂಗವಿರುವ ದೇಶದಲ್ಲಿ, ಪ್ರತಿಯೊಬ್ಬ ಪೋಸ್ಟ್ ಮಾಸ್ಟರನನ್ನೂ ಬಲ್ಲ ಊರಿನ ಜನ ಸುತ್ತ ಇರುವಾಗ, ಎಲ್ಲರೂ ಪರದೆಯನ್ನು ನಂಬಿದರು.

ಈಗ ನಮ್ಮಲ್ಲಿಗೆ ಬರೋಣ, ಹೆಬ್ಬೆಟ್ಟಿನ ಇನ್ನೊಂದು ಕಥೆಗೆ. ಹೊರೈಜನ್ನಿನಲ್ಲಿ ಕೆಟ್ಟದ್ದು ತಂತ್ರಾಂಶ. ಇಲ್ಲಿ ಯಾವುದೂ ಕೆಟ್ಟಿರಲಿಲ್ಲ, ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನೋಂದಣಿ ಕಾಯ್ದೆ 1908ರದು. ಜಮೀನು ಕ್ರಯವಾದರೆ ಅದು ಗುಟ್ಟಾಗಿ ಆಗಬಾರದು, ಯಾರು ಬೇಕಾದರೂ ಪುಸ್ತಕ ತೆರೆದು ನೋಡಿ ನಕಲು ಪಡೆಯುವಂತಿರಬೇಕು ಎಂದು ಅದರ 57ನೇ ಕಲಮು ಹೇಳುತ್ತದೆ. ಒಳ್ಳೆಯ ನಿಯಮ. ಒಂದೇ ತೋಟವನ್ನು ಇಬ್ಬರಿಗೆ ಮಾರುವವರಿಗೆ ಅದೇ ತಡೆ. ಇನ್ನೊಬ್ಬರ ಹೆಸರಲ್ಲಿ ನಿಂತು ಸಹಿ ಹಾಕುವ ಮೋಸ ಹೆಚ್ಚಾದಾಗ 2001ರಲ್ಲಿ 32ಎ ಎಂಬ ಕಲಮು ಸೇರಿತು. ಕ್ರಯಪತ್ರದ ಮೇಲೆ ಮಾರುವವರು, ಕೊಳ್ಳುವವರು ಇಬ್ಬರ ಫೋಟೋ ಮತ್ತು ಬೆರಳಚ್ಚು ಕಡ್ಡಾಯ. ಅದೂ ಒಳ್ಳೆಯದೇ. ಬ್ಯಾಂಕಿಲ್ಲದ ಹಳ್ಳಿಯಲ್ಲಿ ಆಧಾರ್ ಸಂಖ್ಯೆ ಹೇಳಿ ಬೆರಳಿಟ್ಟರೆ ಹಣ ಸಿಗುವ ಎಇಪಿಎಸ್ ವ್ಯವಸ್ಥೆ ಬಂದದ್ದು ಆಮೇಲೆ. ಪಿಂಚಣಿಯ ಹಣ ತರಲು ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದ ಮುದುಕರಿಗೆ ಅದು ದೊಡ್ಡ ಉಪಕಾರ. ಕ್ರಯಪತ್ರಗಳು ನೋಂದಣಿ ಇಲಾಖೆಯ ಕಾವೇರಿ ಜಾಲತಾಣಕ್ಕೆ ಬಂದದ್ದೂ ಜನರ ಅನುಕೂಲಕ್ಕೇ.

ಈ ನಾಲ್ಕು ಒಳ್ಳೆಯವು ಒಂದನ್ನೊಂದು ಕೂಡಿದಾಗ ಏನಾಯಿತು ಎಂದು 2023ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೊತ್ತಾಯಿತು. ಮಂಗಳೂರು, ಬೆಂಗಳೂರಿನಲ್ಲಿ ಜನರ ಖಾತೆಗಳಿಂದ ಹಣ ಹೋಗತೊಡಗಿತು. ಓಟಿಪಿ ಕೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಬಹಳ ಜನ ಇತ್ತೀಚೆಗೆ ಆಸ್ತಿ ನೋಂದಣಿ ಮಾಡಿಸಿದವರು ಎಂಬುದು ಕಂಡುಬಂತು. ಕ್ರಯಪತ್ರದ ಪ್ರತಿಯಿಂದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟು ತೆಗೆದು, ಅದರ ಅಚ್ಚು ಮಾಡಿ ಹಣ ಎತ್ತುತ್ತಿದ್ದಾರೆ ಎಂದು ಪೊಲೀಸರು ಹೇಳಿದರು. ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ತಿಳಿಸಿದರು. ಪತ್ರಗಳ ಮೇಲಿನ ಆಧಾರ್ ಸಂಖ್ಯೆ, ಬೆರಳಚ್ಚು ಕಾಣದಂತೆ ಮರೆಮಾಡಲು ಸರ್ಕಾರ ಕ್ರಮ ಕೈಗೊಂಡಿತು.

1908ರ ಕಾನೂನಿಗೆ ಹೆಬ್ಬೆಟ್ಟು ಎಂದರೆ ಒಂದು ಗುರುತು. ಎಲ್ಲರಿಗೂ ತೋರಿಸಬಹುದಾದದ್ದು, ತೋರಿಸಿದಷ್ಟೂ ಒಳ್ಳೆಯದು. ಎಇಪಿಎಸ್‌ಗೆ ಹೆಬ್ಬೆಟ್ಟು ಎಂದರೆ ಬೀಗದ ಕೈ, ಯಾರಿಗೂ ತೋರಿಸಬಾರದ್ದು. ಅದೇ ಬೆರಳು ಎರಡು ಕಾನೂನುಗಳಲ್ಲಿ ಎರಡು ವಸ್ತುವಾಗಿತ್ತು, ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಇರಲಿಲ್ಲ. ತಂತ್ರಜ್ಞಾನಕ್ಕೆ ಕಾನೂನು ಹೊಂದಿಕೊಳ್ಳುವುದೆಂದರೆ ಹೊಸ ಕಾಯ್ದೆ ಬರೆಯುವುದು ಎಂದುಕೊಳ್ಳುತ್ತೇವೆ. ಅರ್ಧಕ್ಕರ್ಧ ಕೆಲಸ ಹಳೆಯ ಕಾಯ್ದೆಗಳನ್ನು ಹೊಸ ಯಂತ್ರದ ಪಕ್ಕದಲ್ಲಿಟ್ಟು ಮತ್ತೆ ಓದುವುದು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೀಗ ಮುರಿದರೆ ಹೊಸದು ತರಬಹುದು. ಕಳುವಾದ ಹೆಬ್ಬೆರಳಿಗೆ ಬದಲಿ ಇಲ್ಲ.

ಹಣ ಹೋದವರಿಗೆ ಕಾನೂನು ಏನು ಕೊಡುತ್ತದೆ? ತಕ್ಷಣಕ್ಕೆ ನೆನಪಿಡಬೇಕಾದದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ನಮ್ಮ ತಪ್ಪಿಲ್ಲದೆ, ಮೂರನೆಯವರ ಕೈವಾಡದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು. ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿ ಇದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟು, ನೆಟ್‌ವರ್ಕು ಎರಡೂ ಇಲ್ಲದೆ ಕೂರುವ ಕಿಗ್ಗ, ನೆಮ್ಮಾರಿನಂಥ ಊರುಗಳವರು ಸಂದೇಶವನ್ನು ನೋಡುವುದೇ ಯಾವಾಗ ಎಂಬ ಪ್ರಶ್ನೆ ನನಗಿದೆ. ಆದರೂ ನಿಯಮ ನಿಯಮವೇ, ಗೊತ್ತಿರುವವರಿಗೆ ಬಲ.

ದೊಡ್ಡ ಕಾಯ್ದೆಯ ವಿಷಯಕ್ಕೆ ಬಂದರೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಅದರ ಮುಖ್ಯ ಬಾಧ್ಯತೆಗಳು ಜಾರಿಗೆ ಬರಲು ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ. ನಮ್ಮ ಮಾಹಿತಿಯನ್ನು ಕಾಪಾಡಿಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸಂಖ್ಯೆ ಕೇಳಲು ದೊಡ್ಡದು. ಆದರೆ ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ನಷ್ಟವಾದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಈ ಕಾಯ್ದೆ ತೆಗೆಯುತ್ತದೆ. ಹೆಬ್ಬೆರಳು ಕಳೆದುಕೊಂಡವರ ಕೈಗೆ ಈ ಕಾಯ್ದೆಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಯುರೋಪಿನ ಒಕ್ಕೂಟದ ಜಿಡಿಪಿಆರ್ ಎಂಬ ಕಾನೂನು 2018ರ ಮೇ 25ರಿಂದ ಎಲ್ಲ ಸದಸ್ಯ ದೇಶಗಳಲ್ಲೂ ನೇರವಾಗಿ ಜಾರಿಯಲ್ಲಿದೆ, ದೇಶದ ಸಂಸತ್ತು ಬೇರೆ ಬರೆಯಬೇಕಾಗಿಲ್ಲ. ಅದರ 82ನೇ ವಿಧಿ ನೊಂದ ವ್ಯಕ್ತಿ ನೇರವಾಗಿ ಪರಿಹಾರ ಕೇಳಬಹುದು ಎನ್ನುತ್ತದೆ, ಮಾನಸಿಕ ನೋವಿಗೂ ಸೇರಿಸಿ. ನಾವು ಆ ಕಾನೂನಿನಿಂದ ಬಹಳ ಪಡೆದುಕೊಂಡೆವು. ಬಡವರಿಗೆ ಹೆಚ್ಚು ಬೇಕಾದ ಈ ಒಂದು ತುಂಡನ್ನು ಬಿಟ್ಟೆವು. ಇದನ್ನು ತಿದ್ದಬೇಕು.

ಇಂಥ ಕಾಯ್ದೆ ಬರಲು ಕಾರಣರಾದವರು ಕನ್ನಡಿಗರು ಎಂಬುದು ನಮಗೆ ನೆನಪಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಸಂಸತ್ತಿನ ಕಾಯ್ದೆಯೇ ಇಲ್ಲದೆ ನಡೆಯುತ್ತಿದ್ದ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹಕ್ಕೇ ಹೌದು ಎಂದು ಒಮ್ಮತದಿಂದ ಹೇಳಿದರು. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ ಆಧಾರ್ ಕಾಯ್ದೆಯನ್ನು 4:1ರ ಬಹುಮತದಲ್ಲಿ ಎತ್ತಿಹಿಡಿಯಿತು. ಬ್ಯಾಂಕ್ ಖಾತೆ, ಸಿಮ್ ಕಾರ್ಡಿಗೆ ಕಡ್ಡಾಯ ಮಾಡಿದ್ದನ್ನು ಹೊಡೆದುಹಾಕಿತು, ಸರ್ಕಾರದ ಸವಲತ್ತುಗಳಿಗೆ ಉಳಿಸಿತು. ಭಿನ್ನಮತ ಬರೆದ ಒಬ್ಬರೇ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್, ಮನುಷ್ಯನ ಘನತೆಯನ್ನು ಯಂತ್ರದ ಸಂಭವನೀಯತೆಯ ಲೆಕ್ಕಕ್ಕೆ ಒಪ್ಪಿಸಲಾಗದು ಎಂಬ ನಿಲುವು ತಳೆದರು.

ಇಲ್ಲಿ ಸೋತ ಆ ಮಾತು ಸಮುದ್ರ ದಾಟಿ ಗೆದ್ದಿತು. 2019ರ ಏಪ್ರಿಲಿನಲ್ಲಿ ಜಮೈಕಾದ ಸುಪ್ರೀಂ ಕೋರ್ಟು ತಮ್ಮ ದೇಶದ ರಾಷ್ಟ್ರೀಯ ಗುರುತು ಕಾಯ್ದೆಯನ್ನು ರದ್ದುಪಡಿಸುವಾಗ ಚಂದ್ರಚೂಡರ ಭಿನ್ನಮತವನ್ನು ಆಧರಿಸಿತು. ಕಾನೂನು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಲು ಒಕ್ಕೂಟವೂ ಬೇಡ, ಒಪ್ಪಂದವೂ ಬೇಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು, 98 ವರ್ಷ ಬದುಕಿ.

ಯುರೋಪಿನ ಆ ಜಿಡಿಪಿಆರ್ ಕಾನೂನಿನಲ್ಲಿ ಇನ್ನೊಂದು ವಿಧಿಯಿದೆ, 22ನೆಯದು. ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ತೀರ್ಮಾನವನ್ನು ಬರೀ ಯಂತ್ರದಿಂದ ಮಾಡಿಸಬಾರದು. ಹಾಗೆ ಮಾಡಲು ಅನುಮತಿ ಇದ್ದ ಕಡೆಯೂ ಒಬ್ಬ ಮನುಷ್ಯ ನೋಡಬೇಕು ಎಂದು ಕೇಳುವ ಹಕ್ಕನ್ನು ಕಾಪಾಡಬೇಕು. ಕೊಪ್ಪ, ಶೃಂಗೇರಿಯಿಂದ ಓದಲು, ಕೆಲಸಕ್ಕೆ ಜರ್ಮನಿಗೆ ಹೋಗುವ ಮಕ್ಕಳು ಈಗ ಇದ್ದಾರೆ. ಅಲ್ಲಿ ಬಾಡಿಗೆ ಮನೆ ಹುಡುಕಿದರೆ ಶುಫಾ ಎಂಬ ಸಂಸ್ಥೆಯ ಅಂಕ ಕೇಳುತ್ತಾರೆ. ನಮ್ಮ ಸಿಬಿಲ್ ಇದ್ದಂತೆ. ಆ ಅಂಕವನ್ನೇ ನೆಚ್ಚಿಕೊಂಡು ಬ್ಯಾಂಕು ಸಾಲ ನಿರಾಕರಿಸುವುದಾದರೆ ಅಂಕ ಹಾಕುವುದೇ ಒಂದು ಯಾಂತ್ರಿಕ ತೀರ್ಮಾನ, ಅದಕ್ಕೂ 22ನೇ ವಿಧಿ ಅನ್ವಯ ಎಂದು ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರ್ 7ರಂದು ಹೇಳಿತು. ಮಗನಿಗೆ ಅಲ್ಲಿ ಇರುವ ಈ ಹಕ್ಕು ತೋಟದಲ್ಲಿರುವ ತಾಯಿಗೆ ಇಲ್ಲಿ ಇಲ್ಲ. ನಮ್ಮ 2023ರ ಕಾಯ್ದೆಯಲ್ಲಿ ಅಂಥ ಕಲಮು ಇಲ್ಲ.

ಹಾಗಾದರೆ ಕೌಂಟರಿನ ಹುಡುಗ ಏನೂ ಮಾಡುವಂತಿರಲಿಲ್ಲವೇ? ಇತ್ತು. ಅದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಧಾರ್ ಪ್ರಾಧಿಕಾರ 2017ರ ಅಕ್ಟೋಬರ್ 24ರಂದು ಒಂದು ಸುತ್ತೋಲೆ ಹೊರಡಿಸಿದೆ. ಬೆರಳು ಹೊಂದದಿದ್ದರೆ ಕಣ್ಣಿನ ಪಾಪೆ, ಅದಾಗದಿದ್ದರೆ ಓಟಿಪಿ, ಯಾವುದೂ ಆಗದಿದ್ದರೆ ಕಾರ್ಡನ್ನು ನೋಡಿ ಸವಲತ್ತು ಕೊಟ್ಟು, ಹೀಗಾಯಿತೆಂದು ಒಂದು ವಹಿಯಲ್ಲಿ ಬರೆದಿಡಬೇಕು. ಯಂತ್ರ ಒಪ್ಪದ ಕಾರಣಕ್ಕೆ ಅರ್ಹರನ್ನು ಹಿಂದಕ್ಕೆ ಕಳಿಸಬಾರದು. ಅಂದರೆ ಯಂತ್ರ ಇಲ್ಲವೆಂದಾಗ ಹೌದು ಎನ್ನುವ ಅಧಿಕಾರ ಒಬ್ಬ ಮನುಷ್ಯನಿಗೆ ಇದೆ. ಆದರೆ ಹೌದು ಎಂದು ಬರೆದರೆ ನಾಳೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವನೂ ಅವನೇ. ಇಲ್ಲವೆಂದರೆ ಯಾರೂ ಕೇಳುವುದಿಲ್ಲ. ಕಡಿಮೆ ಸಂಬಳದ ಹುಡುಗನೊಬ್ಬ ಯಾವುದನ್ನು ಆರಿಸುತ್ತಾನೆ? ಇಂಥ ಒತ್ತಡ ಅವನೊಬ್ಬನದಲ್ಲ. 2024ರಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಒಂದು, ತಮ್ಮ ಮೊಬೈಲಿಗೆ ಹೇರಿದ ಆ್ಯಪ್‌ಗಳ ರಾಶಿ. ಪಹಣಿಗೆ ಆಧಾರ್ ಜೋಡಿಸುವುದೂ ಅದರಲ್ಲಿ ಸೇರಿತ್ತು. ಮಲೆನಾಡಿನಲ್ಲಿ ಎಷ್ಟೋ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ, ಪೌತಿ ಖಾತೆಯಾಗಿಲ್ಲ; ಸತ್ತವರ ಆಧಾರನ್ನು ಎಲ್ಲಿಂದ ತರುವುದೆಂದು ಮನೆಮನೆಯ ಜಗಲಿಯಲ್ಲಿ ಕೂತು ಉತ್ತರ ಹೇಳಬೇಕಾದವರು ಅವರು. ಕಾನೂನು ಯಂತ್ರದ ಮೇಲೆ ಇಟ್ಟ ನಂಬಿಕೆಯಲ್ಲಿ ನಾಲ್ಕಾಣೆಯಷ್ಟನ್ನಾದರೂ ಇಂಥವರ ಮೇಲೆ ಇಟ್ಟು, ನಿಜ ನೋಡಿ ಬರೆದವರಿಗೆ ತೊಂದರೆಯಾಗದಂತೆ ಕಾಯುವ ಒಂದು ಸಾಲು ಬರೆದರೆ ಕೌಂಟರಿನ ಈಚೆ ನಿಂತವರ ಅರ್ಧ ಕಷ್ಟ ಹೋಗುತ್ತದೆ.

ಅಜ್ಜಿಯ ಮಾತು ಅಲ್ಲಿಗೇ ನಿಲ್ಲಿಸಬಾರದು. ವಾರದ ಮೇಲೆ ಮತ್ತೆ ಹೋದೆವು. ಸುತ್ತೋಲೆಯ ಒಂದು ಪ್ರತಿ ತೆಗೆದುಕೊಂಡು ಹೋಗಿದ್ದೆ. ಬೆರಳು ಆ ದಿನವೂ ಹೊಂದಲಿಲ್ಲ. ಹುಡುಗ ಸುತ್ತೋಲೆಯನ್ನು ಎರಡು ಸಲ ಓದಿದ, ಒಳಗೆ ಹೋಗಿ ಹಿರಿಯರೊಬ್ಬರ ಹತ್ತಿರ ಮಾತಾಡಿದ. ಅವರು ಬಂದು ಅಜ್ಜಿಯನ್ನು ನೋಡಿ, “ನೀವು ಇಂಥವರ ಮನೆಯವರಲ್ವಾ” ಎಂದು ಗಂಡನ ಹೆಸರು ಹೇಳಿ ಕೇಳಿದರು. ಮೇಜಿನ ಕೆಳಗಿನಿಂದ ಗೆರೆ ಎಳೆದ ಉದ್ದ ಪುಸ್ತಕವೊಂದು ಬಂತು. ಮೊದಲ ಪುಟವೇ ಖಾಲಿ ಇತ್ತು. ತಾರೀಕು, ಹೆಸರು, ಕಾರಣ ಬರೆದು, ಕೆಳಗೆ ಅವರು ಸಹಿ ಹಾಕಿದರು. ಅಜ್ಜಿಗೆ ಸಹಿ ಬರುವುದಿಲ್ಲ. ಹುಡುಗ ಡ್ರಾಯರಿನಿಂದ ಶಾಯಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಚೊಗರಿನಿಂದ ಮೊದಲೇ ಕಪ್ಪಾಗಿದ್ದ ಆ ಹೆಬ್ಬೆರಳನ್ನು ಅದಕ್ಕೆ ಒತ್ತಿ, ಪುಸ್ತಕದ ಮೇಲೆ ಊರಿಸಿದ.